ಬಿ.ಎಚ್. ರಸ್ತೆಯಲ್ಲಿ ಪೋಲಿಷ್ ಊಟ: ಪಿಯರೋಗಿ ಸೈ, ಸೂಪು ಬೇಡ

ತುಮಕೂರಿನ ಈ ಪುಟ್ಟ ಕೆಫೆಗೆ ಹೋದರೆ ಮೊದಲು ಪಿಯರೋಗಿ ಹೇಳಿ. ನೋಡೋಕೆ ನಮ್ಮ ಕರಿಗಡುಬಿನ ತಮ್ಮ, ಆದರೆ ನೀರಲ್ಲಿ ಬೇಯಿಸಿದ್ದು. ಒಳಗೆ ಹಿಸುಕಿದ ಆಲೂಗಡ್ಡೆ, ಹುರಿದ ಈರುಳ್ಳಿ, ಕಾಳುಮೆಣಸು, ಜೊತೆಗೆ ತ್ವಾರೂಗ್ ಎಂಬ ಹುಳಿ ಚೀಸ್. ಇಲ್ಲಿ ಅದರ ಬದಲು ಪನೀರ್ ಹಾಕುತ್ತಾರೆ, ಹುಳಿ ಸಾಲದು. ಬಟ್ಟೆಯಲ್ಲಿ ಕಟ್ಟಿ ಬಸಿದ ಮೊಸರು ಎರಡು ಚಮಚ ಬೆರೆಸಿದ್ದರೆ ಸರಿಹೋಗುತ್ತಿತ್ತು.

ಹಿಟ್ಟಿನ ಹದ ಚೆನ್ನಾಗಿದೆ. ಅರ್ಧ ಕೆಜಿ ಮೈದಾಕ್ಕೆ ಸುಮಾರು 250 ಮಿ.ಲೀ. ಬಿಸಿನೀರು, ಎರಡು ಚಮಚ ಎಣ್ಣೆ, ಉಪ್ಪು ಹಾಕಿ ನಾದಿ ಅರ್ಧ ಗಂಟೆ ಮುಚ್ಚಿಡಬೇಕು. ತಣ್ಣೀರಲ್ಲಿ ಕಲಸಿದರೆ ಲಟ್ಟಿಸುವಾಗ ಹಿಂದಕ್ಕೆ ಎಳೆದುಕೊಳ್ಳುತ್ತದೆ. ತಟ್ಟೆಯಲ್ಲಿ ಎರಡು ಬಾಯಿಬಿಟ್ಟಿದ್ದವು. ಹೂರಣ ಆರುವ ಮೊದಲೇ ತುಂಬಿದರೆ ಹಬೆಗೆ ಹಾಳೆ ಒದ್ದೆಯಾಗಿ ಹೀಗಾಗುತ್ತದೆ. ಅಂಚಿಗೆ ಎಣ್ಣೆ ತಾಗಿದರೂ ಅದೇ ಕಥೆ. ಕುದಿನೀರಲ್ಲಿ ತೇಲಿದ ಮೇಲೆ ಎರಡು ಮೂರು ನಿಮಿಷ ಸಾಕು.

ಪ್ಲಾತ್ಸ್ಕಿ, ಅಂದರೆ ತುರಿದ ಆಲೂಗಡ್ಡೆಯ ತೆಳು ರೊಟ್ಟಿ, ಮೆತ್ತಗಿತ್ತು. ತುರಿಯನ್ನು ಹಿಂಡಿಲ್ಲ. ಹಿಂಡಿದ ನೀರಿನ ತಳದಲ್ಲಿ ಕೂರುವ ಬಿಳಿ ಗಂಜಿಯನ್ನು ಮಾತ್ರ ವಾಪಸ್ ಸೇರಿಸಿದರೆ ಗರಿಗರಿ ಬರುತ್ತದೆ.

ಝುರೆಕ್ ಸೂಪಿಗೆ ರೈ ಎಂಬ, ಗೋಧಿಯಂಥ ಧಾನ್ಯದ ಹಿಟ್ಟನ್ನು ನೀರಲ್ಲಿ ಕಲಸಿ, ಬೆಳ್ಳುಳ್ಳಿ ಹಾಕಿ ನಾಲ್ಕೈದು ದಿನ ಹುಳಿ ಬರಿಸಬೇಕು. ಇಲ್ಲಿ ವಿನೆಗರ್ ಸುರಿದಿದ್ದಾರೆ, ಮೂಗಿಗೇ ಗೊತ್ತಾಗುತ್ತದೆ. ಅಂಬಲಿ ಕುಡಿದ ನಾಲಿಗೆಗೆ ಈ ಆಟ ನಡೆಯುವುದಿಲ್ಲ!

ಸಸ್ಯಾಹಾರಿಗಳು ಕೇಳಿಯೇ ಆರ್ಡರ್ ಮಾಡಿ: ಝುರೆಕ್, ಬಿಗೋಸ್ (ಹುಳಿ ಎಲೆಕೋಸಿನ ಪಲ್ಯದಂಥದ್ದು) ಎರಡರಲ್ಲೂ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ. ಪಿಯರೋಗಿ ಮೇಲೂ ಕೆಲವೊಮ್ಮೆ ಹುರಿದ ಹಂದಿಕೊಬ್ಬು ಉದುರಿಸುತ್ತಾರೆ.