ಒಂದೇ ಪಿಕಪ್, ನಾಲ್ಕು ಸೈಲೆನ್ಸರ್: ಲೋಕಾಪುರ–ಬೆಳಗಾವಿ ದಾರಿಯಲ್ಲಿ ನಾನು ಹಾಕಿ ನೋಡಿದ್ದು

2024ರ ಮೊದಲ ಮಳೆ ಬಿದ್ದ ವಾರ. ಉಳ್ಳಾಗಡ್ಡಿ ಚೀಲ ಹೇರಿಕೊಂಡು ಲೋಕಾಪುರದಿಂದ ಬೆಳಗಾವಿಗೆ ಹೊರಟಿದ್ದೆ. ಯರಗಟ್ಟಿ ಹಿಂದೆ ಬಿತ್ತು, ನೇಸರಗಿ ದಾಟುತ್ತಿದ್ದಂತೆ ಗಾಡಿಯ ದನಿ ಒಡೆಯಿತು. ಇಳಿದು ಬಗ್ಗಿ ನೋಡಿದರೆ ಸೈಲೆನ್ಸರಿನ ಹೊಟ್ಟೆಯ ಕೆಳಭಾಗ ಹಪ್ಪಳದಂತೆ ಕಳಚಿ ಜೋತಾಡುತ್ತಿತ್ತು. ತಣ್ಣಗಾದ ಮೇಲೆ ಸ್ಕ್ರೂಡ್ರೈವರ್ ಒತ್ತಿದೆ, ತಡೆಯೇ ಇಲ್ಲದೆ ಒಳಗೆ ಹೋಯಿತು. ಅದೇ ಪೆಟ್ಟಿಗೆಯ ಮೇಲಿನ ಅರ್ಧ ಮಾತ್ರ ಇನ್ನೂ ಗಟ್ಟಿಯಾಗಿತ್ತು.

ಗಾಡಿ 2018ರದು, ಬಿಎಸ್ 4 (ಹೊಗೆಯ ಮಿತಿಯ ಸರ್ಕಾರಿ ದರ್ಜೆ) ಡೀಸೆಲ್, ಟರ್ಬೋ, ಅಂದರೆ ಹೊಗೆಯ ರಭಸದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ ಇರುವಂಥದ್ದು. ಕಂಪನಿ ಸೈಲೆನ್ಸರ್ ಆರು ವರ್ಷ, ಒಂದೂವರೆ ಲಕ್ಷ ಕಿಲೋಮೀಟರ್ ಬಾಳಿತ್ತು. ಅದರ ಬಗ್ಗೆ ನನಗೆ ದೂರಿಲ್ಲ. ಅದು ಸತ್ತದ್ದು ಹೊರಗಿನ ಕೆಸರಿನಿಂದಲ್ಲ, ಒಳಗಿನ ನೀರಿನಿಂದ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚೂಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಪೈಪಿನಲ್ಲಿ ಹಾಯುತ್ತದೆ. ದೂರದ ಓಡಾಟವಾದರೆ ಸೈಲೆನ್ಸರ್ ಚೆನ್ನಾಗಿ ಕಾದು ಆ ಆವಿಯೆಲ್ಲ ಹೊರಗೆ ಹೋಗುತ್ತದೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಸಂತೆಗೆ ಅಂತ ಐದೈದು ಕಿಲೋಮೀಟರ್ ಓಡಿಸಿದರೆ ಪೆಟ್ಟಿಗೆ ಕಾಯುವುದೇ ಇಲ್ಲ, ನೀರು ತಳದಲ್ಲಿ ನಿಲ್ಲುತ್ತದೆ. ಡೀಸೆಲ್‌ನ ಗಂಧಕ ಅದಕ್ಕೆ ಸೇರಿ ಹುಳಿಯಾಗುತ್ತದೆ. ಅದಕ್ಕೇ ತಳ ಮೊದಲು ಹೋಗುತ್ತದೆ. ಬೇರೆಯವರ ಗಾಡಿ ನೋಡುವಾಗಲೂ ನಾನು ಈಗ ಮೊದಲು ಮುಟ್ಟಿ ನೋಡುವುದು ಸೈಲೆನ್ಸರಿನ ತಳ.

ಕಂಪನಿಯ ಹೊಸ ಮಾಲಿಗೆ ಬಾಗಲಕೋಟೆಯಲ್ಲಿ ವಿಚಾರಿಸಿದೆ. ಐದು ಸಾವಿರದ ಎಂಟುನೂರು ಅಂದರು, ಬರುವುದಕ್ಕೆ ಹದಿನೈದು ದಿನ. ಬಾಡಿಗೆ ಗಾಡಿಯನ್ನು ಹದಿನೈದು ದಿನ ನಿಲ್ಲಿಸುವಂತಿರಲಿಲ್ಲ. ಹಾಗಾಗಿ ಪೇಟೆಯಲ್ಲಿ ಸಿಗುವ ನಕಲು ಸೈಲೆನ್ಸರ್ ಹಾಕಿಸಿದೆ, ಫಿಟ್ಟಿಂಗ್ ಸೇರಿ ಎರಡು ಸಾವಿರದ ಇನ್ನೂರು. ಕಪ್ಪು ಬಣ್ಣ, ನೋಡುವುದಕ್ಕೆ ಕಂಪನಿಯದರಂತೆಯೇ. ಕೈಯಲ್ಲಿ ಎತ್ತಿದಾಗಲೇ ಹಗುರ ಅನ್ನಿಸಿತ್ತು, ಆದರೂ ಹಾಕಿಸಿಕೊಂಡೆ. ಮೂರು ತಿಂಗಳು ಸುಮ್ಮನಿತ್ತು. ನಾಲ್ಕನೆಯ ತಿಂಗಳು ಐಡಲ್‌ನಲ್ಲಿ ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಸಪ್ಪಳ ಶುರುವಾಯಿತು. ಒಳಗಿನ ತಡೆತಗಡಿಗೆ ಸುತ್ತಲೂ ವೆಲ್ಡಿಂಗ್ ಮಾಡಿರಲಿಲ್ಲ, ನಾಲ್ಕು ಕಡೆ ಚುಕ್ಕೆ ಇಟ್ಟಿದ್ದರಷ್ಟೇ. ಅದು ಬಿಟ್ಟುಕೊಂಡಿತ್ತು. ಅಂಗಡಿಯವನು ಬದಲಿ ಕೊಡಲಿಲ್ಲ, ರಸೀದಿಯಲ್ಲಿ ಗ್ಯಾರಂಟಿ ಬರೆಸಿಕೊಳ್ಳದ್ದು ನನ್ನ ತಪ್ಪು.

ಆಗ ಗ್ಯಾರೇಜಿನ ಹುಡುಗರು ಫ್ರೀ ಫ್ಲೋ ಹಾಕಿಸಿ ಅಂದರು. ತೂತುಗಳಿರುವ ನೇರ ಪೈಪು, ಸುತ್ತ ಗಾಜಿನ ನಾರು, ಮೇಲೊಂದು ಸಿಲಿಂಡರ್. ಹೊಗೆಗೆ ತಿರುವೂ ಇಲ್ಲ, ತಡೆಯೂ ಇಲ್ಲ. ಗಾಡಿಯ ಎಳೆತ ಏರುತ್ತದೆ, ಆವರೇಜ್ ಬರುತ್ತದೆ ಎಂಬುದು ಅವರ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಟರ್ಬೋ ಗಾಡಿಗೆ ಟರ್ಬೋದ ಹಿಂದಿನ ಪೈಪಿನಲ್ಲಿ ತಡೆ ಎಷ್ಟು ಕಡಿಮೆಯಿದ್ದರೂ ನಷ್ಟವಿಲ್ಲ. ಇಂಜಿನ್ನಿಗೆ ಪೈಪಿನ ಕಡೆಯಿಂದ ಹಿಂದೊತ್ತಡ ಬೇಕೇ ಬೇಕು ಎಂಬುದು ಹಳೆಯ ನಂಬಿಕೆ. ಆದರೆ ಎಷ್ಟು ಡೀಸೆಲ್ ಬಿಡಬೇಕು ಅನ್ನುವುದನ್ನು ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ನಿರ್ಧರಿಸುತ್ತದೆ, ಪೈಪು ಬದಲಾದರೆ ಅದೇನೂ ಹೆಚ್ಚು ಬಿಡುವುದಿಲ್ಲ. ಕೊಲ್ಹಾಪುರಕ್ಕೆ ಹೋಗುವಾಗ ವಂಟಮುರಿ ಘಾಟಿನಲ್ಲಿ ಒಂದೂವರೆ ಟನ್ ಲೋಡಿಗೆ ಹಳೆಯ ಸೈಲೆನ್ಸರ್ ಇದ್ದಾಗ ಮೂರನೇ ಗೇರಿಗೆ ಇಳಿಸುತ್ತಿದ್ದ ತಿರುವಿನಲ್ಲೇ ಫ್ರೀ ಫ್ಲೋ ಹಾಕಿದ ಮೇಲೂ ಮೂರಕ್ಕೇ ಇಳಿಸಿದೆ. ಆವರೇಜ್ ಲೀಟರಿಗೆ ಹನ್ನೆರಡೂವರೆ ಕಿಲೋಮೀಟರ್ ಇದ್ದದ್ದು ಹನ್ನೆರಡೂವರೆಯೇ ಉಳಿಯಿತು. ಆಕ್ಸಲರೇಟರ್ ಒತ್ತಿದಾಗ ಗಾಡಿ ಹಗುರಾದಂತೆ ಅನ್ನಿಸಿದ್ದು ನಿಜ. ಅದು ಕಿವಿಗೆ ಅನ್ನಿಸಿದ್ದು, ಚಕ್ರಕ್ಕೆ ಬಂದದ್ದಲ್ಲ.

ಅದನ್ನು ಹನ್ನೊಂದು ದಿನ ಇಟ್ಟುಕೊಂಡಿದ್ದೆ. ಐದನೇ ಗೇರಿನಲ್ಲಿ ಅರವತ್ತರ ವೇಗ ಹಿಡಿದರೆ ಕ್ಯಾಬಿನ್ ತುಂಬ ಗುಂಯ್ ಅನ್ನುವ ಒಂದೇ ಸ್ವರ. ಮುಂದಿನ ಎಡಗಾಲಿಯ ಬೇರಿಂಗ್ ಕೂಗುತ್ತಿದ್ದದ್ದು ನನಗೆ ಕೇಳಿಸಲೇ ಇಲ್ಲ. ಲೋಡ್ ಇಳಿಸಿ ಕೈ ಇಟ್ಟಾಗ ಹಬ್ ಸುಡುತ್ತಿತ್ತು, ಗೊತ್ತಾದದ್ದು ಆಗಲೇ. ದಿನವಿಡೀ ಗಾಡಿ ಓಡಿಸುವವನಿಗೆ ಮೀಟರುಗಳಲ್ಲಿ ಅರ್ಧ ಅವನ ಕಿವಿಯೇ. ಪಾಟಾ (ಸ್ಪ್ರಿಂಗ್ ಪಟ್ಟಿ) ಮುರಿದದ್ದು, ಗಾಲಿಯ ಗಾಳಿ ಹೋದದ್ದು, ಬೆಲ್ಟ್ ಜಾರಿದ್ದು, ಎಲ್ಲ ಮೊದಲು ಕಿವಿಗೇ ತಿಳಿಯಬೇಕು.

ಹನ್ನೊಂದನೆಯ ದಿನ ನಡೆದದ್ದನ್ನು ಬರೆಯಲೇಬೇಕು. ಕಬ್ಬಿನ ಹಂಗಾಮು, ಬೆಳಗಿನ ಆರೂವರೆ. ಮುಧೋಳ ಕಡೆಯ ರಸ್ತೆಯಲ್ಲಿ ಕಬ್ಬಿನ ಚಕ್ಕಡಿಯೊಂದನ್ನು ದಾಟಬೇಕಿತ್ತು. ನಾಲ್ಕನೆಯದರಿಂದ ಮೂರಕ್ಕಿಳಿಸಿ ಆಕ್ಸಲರೇಟರ್ ಕೊಟ್ಟೆ. ಎಡಗೋಲಿನ ಕಿಲಾರಿ ಎತ್ತು ತಲೆ ಎತ್ತಿ ಪಕ್ಕಕ್ಕೆ ಜಿಗಿಯಿತು, ಜೋಡಿಯನ್ನೂ ಎಳೆದುಕೊಂಡು ಗಟಾರಿಗಿಳಿಯಿತು. ನೊಗದ ಗೂಟ ಮುರಿಯಿತು, ಕಬ್ಬಿನ ಹೊರೆ ವಾಲಿತು, ಮೇಲೆ ಕೂತಿದ್ದ ಮುದುಕ ಬಿದ್ದು ಮೊಣಕೈ ತರಚಿತು. ಎತ್ತಿನ ಕಾಲಿಗೇನೂ ಆಗಲಿಲ್ಲ, ದೇವರು ದೊಡ್ಡವನು. ನಾನು ಗಾಡಿ ನಿಲ್ಲಿಸಿ ಓಡಿದೆ. ಬೈಗುಳ ತಿನ್ನುವುದಕ್ಕೆ ತಯಾರಾಗಿಯೇ ಹೋಗಿದ್ದೆ. ಆತ ಮೊದಲು ಎತ್ತಿನ ಮೈ ಸವರಿದ, ಆಮೇಲೆ ನನ್ನ ಕಡೆ ತಿರುಗಿ, “ಅವಕ್ಕ ಸಪ್ಪಳಾ ಆಗಂಗಿಲ್ರಿ ಯಪ್ಪಾ, ಇಂಥಾ ಗಾಡಿ ಯಾಕ್ರಿ ಹಿಂಗ ಮಾಡೀರಿ” ಅಂದ. ಇಬ್ಬರೂ ಸೇರಿ ಕಬ್ಬು ಮತ್ತೆ ಹೇರುವಷ್ಟರಲ್ಲಿ ಒಂದು ತಾಸು ಹಿಡಿಯಿತು. ಅದೇ ದಿನ ಅದನ್ನು ಬಿಚ್ಚಿಸಿದೆ. ಕೊಟ್ಟ ಮೂರು ಸಾವಿರದ ಐನೂರು ಹೋಯಿತು.

ಕಾನೂನಿನ ಮಾತೂ ಇದೆ. ಇಂಜಿನ್ನಿನ ಶಬ್ದವನ್ನು ಸಾಧ್ಯವಾದಷ್ಟು ಇಳಿಸುವ ಸೈಲೆನ್ಸರ್ ಪ್ರತಿ ವಾಹನಕ್ಕೂ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ 120 ಹೇಳುತ್ತದೆ. ಶಬ್ದದ ಮಿತಿ ಮೀರಿದರೆ ಕಾಯ್ದೆಯ 190ನೇ ಕಲಮಿನಡಿ, 2019ರ ತಿದ್ದುಪಡಿಯ ಪ್ರಕಾರ, ಮೊದಲ ಸಲಕ್ಕೇ ಹತ್ತು ಸಾವಿರದವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಆಗಬಹುದು, ಲೈಸೆನ್ಸ್ ಮೂರು ತಿಂಗಳು ಅನರ್ಹವಾಗುತ್ತದೆ. ಲೈಸೆನ್ಸಿನ ಮೇಲೆ ಹೊಟ್ಟೆ ಹೊರೆಯುವವನಿಗೆ ಹತ್ತು ಸಾವಿರಕ್ಕಿಂತ ಆ ಮೂರು ತಿಂಗಳು ಭಾರ.

ಕೊನೆಗೆ ಬೆಳಗಾವಿಯ ಉದ್ಯಮಬಾಗಕ್ಕೆ ಹೋದೆ. ಫೌಂಡ್ರಿ, ಲೇಥು, ವೆಲ್ಡಿಂಗ್ ಎಲ್ಲ ಒಂದೇ ಓಣಿಯಲ್ಲಿ ಸಿಗುವ ಜಾಗ. ನನ್ನ ಹಳೆಯ ಕಂಪನಿ ಸೈಲೆನ್ಸರನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋಗಿದ್ದೆ. ಅಲ್ಲಿನ ಮೇಸ್ತ್ರಿಯೊಬ್ಬರು ಅದನ್ನು ಉದ್ದಕ್ಕೆ ಸೀಳಿ ತೋರಿಸಿದರು. ಒಳಗೆ ಮೂರು ಕೋಣೆ. ಹೊಗೆ ಮೊದಲ ಕೋಣೆಯನ್ನು ಪೈಪಿನಲ್ಲಿ ದಾಟಿ ಕೊನೆಯದಕ್ಕೆ ಹೋಗುತ್ತದೆ, ಅಲ್ಲಿಂದ ಹಿಂದಕ್ಕೆ ತಿರುಗಿ ಮೊದಲಿನದಕ್ಕೆ ಬರುತ್ತದೆ, ಮತ್ತೆ ಮುಂದಕ್ಕೆ ಹೊರಟು ಬಾಲದ ಪೈಪಿಗೆ ಸೇರುತ್ತದೆ. ನಡುವಿನ ಕೋಣೆಯ ಪೈಪುಗಳಿಗೆ ಸಾಸಿವೆಗಿಂತ ತುಸು ದೊಡ್ಡ ತೂತುಗಳು. ಒಂದೊಂದು ಕೋಣೆ ಒಂದೊಂದು ಬಗೆಯ ಸಪ್ಪಳವನ್ನು ಹಿಡಿದುಕೊಳ್ಳುತ್ತದೆ. ಮೊದಲ ಎರಡು ಕೋಣೆಯ ತಳ ತುಕ್ಕು ತಿಂದು ಜರಡಿಯಾಗಿತ್ತು. ನೀರು ಇಳಿಯಲೆಂದು ಕಂಪನಿಯವರೇ ಬಿಟ್ಟಿದ್ದ ಕಡ್ಡಿಗಾತ್ರದ ತೂತು ಮಸಿ ಕಟ್ಟಿ ಮುಚ್ಚಿಹೋಗಿತ್ತು. ಇದೇ ಅಳತೆ, ಇದೇ ಕೋಣೆ, ಸ್ಟೇನ್‌ಲೆಸ್‌ನಲ್ಲಿ ಮಾಡಿಕೊಡಿ ಅಂದೆ.

ಸ್ಟೇನ್‌ಲೆಸ್ ಅಂದರೆ ಒಂದೇ ಅಲ್ಲ. ಕಂಪನಿಗಳು ಸೈಲೆನ್ಸರಿಗೆ ಹೆಚ್ಚಾಗಿ ಬಳಸುವ 409ರಲ್ಲಿ ಶೇಕಡಾ ಹನ್ನೊಂದರಷ್ಟು ಕ್ರೋಮಿಯಂ, ಅದಕ್ಕೆ ಆಯಸ್ಕಾಂತ ಅಂಟುತ್ತದೆ. 304ರಲ್ಲಿ ಹದಿನೆಂಟು ಕ್ರೋಮಿಯಂ, ಎಂಟು ನಿಕ್ಕಲ್, ಅದಕ್ಕೆ ಅಂಟುವುದಿಲ್ಲ. ಅದಕ್ಕೇ ನಮ್ಮವರು ಆಯಸ್ಕಾಂತ ಇಟ್ಟು ನೋಡಿ, ಅಂಟದಿದ್ದರೆ ಅಸಲಿ ಅಂದುಬಿಡುತ್ತಾರೆ. ಆದರೆ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 202ಕ್ಕೂ ಅಂಟುವುದಿಲ್ಲ. ಮೇಸ್ತ್ರಿ ಎರಡು ತುಂಡು ಪೈಪು ಉಜ್ಜಿ, ಒಂದೊಂದು ಹನಿ ದ್ರವ ಬಿಟ್ಟು, ಸಣ್ಣ ಬ್ಯಾಟರಿಯ ತಂತಿ ಮುಟ್ಟಿಸಿದರು. 202ರ ಮೇಲಿನ ಹನಿ ಕುಂಕುಮದ ನೀರಿನಂತೆ ಕೆಂಪಗಾಯಿತು, 304ರ ಮೇಲಿನದು ಆಗಲಿಲ್ಲ. ನೀವು ಮಾಡಿಸುವುದಾದರೆ ಈ ಪರೀಕ್ಷೆಯನ್ನು ಪೈಪಿಗೂ ಪೆಟ್ಟಿಗೆಯ ತಗಡಿಗೂ ಬೇರೆಬೇರೆ ಮಾಡಿಸಿ.

ಪೈಪು 16 ಗೇಜು, ಅಂದರೆ ಒಂದೂವರೆ ಮಿಲಿಮೀಟರಿನ ಆಸುಪಾಸು. ಬೆಂಡುಗಳನ್ನು ಮ್ಯಾಂಡ್ರೆಲ್ ಮೆಷಿನ್ನಿನಲ್ಲಿ, ಅಂದರೆ ಪೈಪಿನೊಳಗೆ ಆಧಾರದ ಸಲಾಕೆ ಇಟ್ಟು ಬಾಗಿಸಿದ್ದನ್ನೇ ಕೇಳಿದೆ. ಒತ್ತಿ ಬಾಗಿಸಿದರೆ ತಿರುವಿನಲ್ಲಿ ಪೈಪು ಕಬ್ಬಿನ ಸಿಪ್ಪೆಯಂತೆ ಚಪ್ಪಟೆಯಾಗುತ್ತದೆ, ಹೊಗೆಯ ದಾರಿ ಅಲ್ಲೇ ಕಿರಿದಾಗುತ್ತದೆ. ಆರ್ಗಾನ್ ವೆಲ್ಡಿಂಗ್ ಮಾಡುವಾಗ ಪೈಪಿನ ಒಳಗಿನಿಂದಲೂ ಆರ್ಗಾನ್ ಹಾಯಿಸಿದರು. ಹಾಗೆ ಮಾಡದಿದ್ದರೆ ಬೆಸುಗೆಯ ಹಿಂಬದಿ ಸುಟ್ಟು ಸಕ್ಕರೆ ಹರಳಿನಂತೆ ಒರಟಾಗುತ್ತದೆ, ತುಕ್ಕು ಮೊದಲು ಅಲ್ಲೇ ಹಿಡಿಯುತ್ತದೆ. ಗಾಡಿಯ ಮೇಲೆಯೇ ಎರಡು ಬೆಸುಗೆ ಹಾಕಬೇಕಾಯಿತು, ಆಗ ಬ್ಯಾಟರಿಯ ತಂತಿ ಬಿಚ್ಚಿಟ್ಟರು. ಯಾರಾದರೂ ಬಿಚ್ಚದೆ ವೆಲ್ಡಿಂಗ್ ಶುರುಮಾಡಿದರೆ ಕೈ ಹಿಡಿದು ನಿಲ್ಲಿಸಿ, ಇಸಿಯು ಸುಟ್ಟರೆ ಸೈಲೆನ್ಸರಿಗಿಂತ ಎಷ್ಟೋ ಹೆಚ್ಚು ಖರ್ಚು.

ಒಟ್ಟು ಹನ್ನೊಂದೂವರೆ ಸಾವಿರವಾಯಿತು. ಹೊಗೆಯ ವಿಷ ಇಳಿಸುವ ಕ್ಯಾಟ್ ಕಾನ್ (ಕ್ಯಾಟಲಿಟಿಕ್ ಕನ್ವರ್ಟರ್) ಮುಟ್ಟಿಲ್ಲ, ಅದರ ಹಿಂದಿನ ಭಾಗವಷ್ಟೇ ಹೊಸದು.

ನಾಲ್ಕನ್ನೂ ಒಂದೇ ಅಳತೆಗೆ ತರಬೇಕೆಂದು ಒಂದೇ ಫೋನನ್ನು ಪಕ್ಕದ ಸೀಟಿನ ತಲೆದಿಂಬಿಗೆ ಕಟ್ಟಿ, ಗಾಜು ಏರಿಸಿ, ಐದನೇ ಗೇರಿನಲ್ಲಿ ಅರವತ್ತರ ವೇಗದಲ್ಲಿ ನೋಡಿದ್ದೆ. ಫೋನಿನ ಅಂಕಿ ಕರಾರುವಾಕ್ಕಲ್ಲ, ಒಂದಕ್ಕೊಂದು ಹೋಲಿಸಲು ಸಾಕು. ಗೆಳೆಯನ ಅದೇ ಮಾಡೆಲ್ಲಿನ ಕಂಪನಿ ಸೈಲೆನ್ಸರ್ 73 ಡೆಸಿಬಲ್ ತೋರಿಸಿತು. ನಕಲಿಯದು ಹೊಸದರಲ್ಲಿ 75, ಒಳತಗಡು ಬಿಟ್ಟ ಮೇಲೆ 79. ಫ್ರೀ ಫ್ಲೋ 86. ಈಗಿನದು 74. ಹತ್ತು ಡೆಸಿಬಲ್ ಏರಿತು ಅಂದರೆ ಶಬ್ದದ ಶಕ್ತಿ ಹತ್ತು ಪಟ್ಟು ಏರಿತು ಎಂದರ್ಥ. 85ರ ಸಪ್ಪಳದಲ್ಲಿ ದಿನಾ ಎಂಟು ತಾಸು, ವರ್ಷಗಟ್ಟಲೆ ಕೂತರೆ ಕಿವಿ ಹಾಳಾಗುತ್ತದೆ, ಹೋದ ಕಿವಿ ತಿರುಗಿ ಬರುವುದಿಲ್ಲ.

ಹಾಗಾದರೆ ಎಲ್ಲರೂ ಸ್ಟೇನ್‌ಲೆಸ್ ಮಾಡಿಸಬೇಕೇ? ನನ್ನ ಪ್ರಕಾರ ಬೇಡ. ಗಾಡಿಯನ್ನು ಇನ್ನೆರಡು ಮೂರು ವರ್ಷದಲ್ಲಿ ಮಾರುವವರು, ಹದಿನೈದು ದಿನ ಕಾಯಬಲ್ಲವರು ಕಂಪನಿಯದನ್ನೇ ತರಿಸಲಿ. ಅಳತೆ ಸರಿಯಾಗಿ ಕೂರುತ್ತದೆ, ಸದ್ದು ಎಲ್ಲಕ್ಕಿಂತ ಕಡಿಮೆ. ನಕಲಿ ತೆಗೆದುಕೊಳ್ಳಲೇಬೇಕಾದರೆ ತೂಕ ಮಾಡಿಸಿ, ಹಳೆಯದರ ತೂಕಕ್ಕೆ ಹತ್ತಿರವಿದ್ದರೆ ಮಾತ್ರ ತನ್ನಿ. ಗಾಡಿ ಕೈಯಲ್ಲೇ ಇರುತ್ತದೆ, ದಿನಾ ಸಣ್ಣಸಣ್ಣ ಓಡಾಟ, ಹೊಲದ ನೀರು ಕೆಸರು ಅನ್ನುವವರಿಗೆ ಕೋಣೆಯಿರುವ 304 ಪೆಟ್ಟಿಗೆ. ಫ್ರೀ ಫ್ಲೋ ಮಾತ್ರ ಲೋಡ್ ಗಾಡಿಗೆ ಯಾವ ಲೆಕ್ಕದಲ್ಲೂ ಬೇಡ.

2020ರ ಏಪ್ರಿಲ್ 1ರ ನಂತರದ ಬಿಎಸ್ 6 ಡೀಸೆಲ್ ಗಾಡಿಯವರು ಇನ್ನೂ ಎಚ್ಚರ ವಹಿಸಬೇಕು. ಅದರ ಪೈಪಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ, ಅದರ ಹಿಂದೆ ಮುಂದಿನ ಒತ್ತಡವನ್ನು ಸೆನ್ಸರ್ ಅಳೆಯುತ್ತಿರುತ್ತದೆ. ಅದನ್ನು ಕೊಯ್ದು ನೇರ ಪೈಪು ಹಾಕಿಕೊಡುತ್ತೇವೆ ಅನ್ನುವವರು ಇದ್ದಾರೆ. ಕೊಯ್ದರೆ ಮೀಟರಿನಲ್ಲಿ ದೀಪ ಹತ್ತುತ್ತದೆ, ಇಂಜಿನ್ ಶಕ್ತಿ ಇಳಿಸಿಕೊಳ್ಳುತ್ತದೆ, ಹೊಗೆಯ ಕಾನೂನೂ ಮುರಿದಂತೆ. ಹೊಗೆ ಶುದ್ಧಮಾಡುವ ಭಾಗಗಳೆಲ್ಲ ದಾಟಿದ ಮೇಲಿನ ಬಾಲದ ತುಂಡಷ್ಟೇ ಬದಲಿಸಬಹುದಾದದ್ದು.

ನನ್ನ ಸ್ಟೇನ್‌ಲೆಸ್ ಸೈಲೆನ್ಸರಿಗೆ ಈಗ ಹದಿನಾಲ್ಕು ತಿಂಗಳು. ತೊಂದರೆ ಬಂದದ್ದು ಒಂದೇ, ಅದೂ ಮೊದಲ ತಿಂಗಳು. ಸೈಲೆನ್ಸರ್ ಚಾಸಿಗೆ ತೂಗುವ ಹ್ಯಾಂಗರಿಗೆ ಹಳೆಯ ಗಟ್ಟಿಯಾದ ರಬ್ಬರನ್ನೇ ಬಿಟ್ಟಿದ್ದೆ, ಹಿಂದಿನ ಬ್ರಾಕೆಟ್ಟಿನ ಬೆಸುಗೆ ಕೂದಲೆಳೆಯಷ್ಟು ಬಿರಿಯಿತು. 304 ಕಾದರೆ ಸಾದಾ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಎರಡು ಮೀಟರಿನ ಪೈಪು 250 ಡಿಗ್ರಿ ಬಿಸಿ ಏರಿದರೆ ಕಬ್ಬಿಣದ್ದು ಆರು ಮಿಲಿಮೀಟರ್, ಇದು ಎಂಟೂವರೆ. ಆ ಎರಡೂವರೆ ಮಿಲಿಮೀಟರನ್ನು ರಬ್ಬರ್ ತಾಳಿಕೊಳ್ಳಬೇಕು. ಮೂರೂ ರಬ್ಬರ್ ಹೊಸದು ಹಾಕಿಸಿ, ಬೆಸುಗೆ ಮತ್ತೆ ಮಾಡಿಸಿದೆ. ಮುಂದಿನ ಬೆಲ್ಲೋಸ್ ಪೈಪಿನ (ಇಂಜಿನ್ನಿನ ಅದುರು ತಾಳಿಕೊಳ್ಳುವ ಬಳುಕು ಪೈಪು) ಹೆಣಿಗೆ ಬಿಟ್ಟಿದೆಯೇ ಎಂದು ಆಯಿಲ್ ಬದಲಿಸುವಾಗಲೆಲ್ಲ ನೋಡುತ್ತೇನೆ, ಅಲ್ಲಿ ಸೋರಿದ ಹೊಗೆ ಕ್ಯಾಬಿನ್ನಿಗೆ ಬರುತ್ತದೆ. ಆ ಹೊತ್ತಿಗೇ ತಳದ ತೂತಿಗೆ ಸೈಕಲ್ ಕಡ್ಡಿ ಹಾಕಿ ಮಸಿ ತೆಗೆಯುತ್ತೇನೆ. ಮಳೆಗಾಲದಲ್ಲಿ ಅಲ್ಲಿಂದ ಕಪ್ಪು ನೀರು ಹನಿಹನಿಯಾಗಿ ಇಳಿಯುತ್ತದೆ.