ಮನೆಯ ಆಂಪ್ಲಿಫೈಯರಿಗೆ ವಾಲ್ವ್ ಆರಿಸುವುದು: ಬೆಳಗಾವಿಯ ಒಂದು ರಿಪೇರಿ ಅಂಗಡಿಯ ಅನುಭವ

ಬೆಳಗಾವಿಯ ಶಹಾಪುರದ ನಮ್ಮ ಮನೆಯಲ್ಲಿ ಹತ್ತು ವಾಟಿನ, ಪುಶ್-ಪುಲ್ ವಿನ್ಯಾಸದ (ಎರಡು ವಾಲ್ವ್ ಜೋಡಿಯಾಗಿ ಒಂದು ತಳ್ಳಿದರೆ ಇನ್ನೊಂದು ಎಳೆಯುವಂತೆ ದುಡಿಯುವ) ಒಂದು ಸ್ಟೀರಿಯೋ ವಾಲ್ವ್ ಆಂಪ್ಲಿಫೈಯರ್ ಇದೆ. ವಾಲ್ವ್ ಎಂದರೆ ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ, ದನಿಯನ್ನು ಹಿಗ್ಗಿಸುವ, ಗಾಳಿ ತೆಗೆದ ಗಾಜಿನ ಕೊಳವೆ. ಪ್ರತಿ ಚಾನೆಲ್ಲಿಗೆ ಎರಡರಂತೆ ನಾಲ್ಕು ಇಎಲ್ 84 ಔಟ್‌ಪುಟ್ ವಾಲ್ವ್‌ಗಳು (ಸ್ಪೀಕರನ್ನು ನಡೆಸುವ ಕೊನೆಯ ಹಂತದವು), ಅವುಗಳ ಹಿಂದಿನ ಹಂತಗಳಲ್ಲಿ ಮೂರು ಸಣ್ಣ ಇಸಿಸಿ 83 ವಾಲ್ವ್‌ಗಳು. ಇಷ್ಟೇ ಅದರ ಸಂಸಾರ. ಕಳೆದ ಮಳೆಗಾಲದಲ್ಲಿ ಎಡ ಚಾನೆಲ್ಲಿನಲ್ಲಿ ಗುಂಯ್ ಎನ್ನುವ ಹಮ್ಮಿಂಗ್ ಶುರುವಾದಾಗ, ಎಲ್ಲವೂ ಸವೆದಿರಬೇಕೆಂದು ತಿಳಿದು ಏಳನ್ನೂ ಬದಲಿಸಲು ಹೊರಟೆ. ಆಮೇಲಿನ ಎಂಟು ತಿಂಗಳಲ್ಲಿ ಹಲವು ಬಗೆಯ ವಾಲ್ವ್ ಹಾಕಿ ತೆಗೆದು, ಖಡೇಬಜಾರದ ಒಳಗಲ್ಲಿಯ ಹಳೆಯ ರೇಡಿಯೋ ರಿಪೇರಿ ಅಂಗಡಿಯೊಂದಕ್ಕೆ ಹತ್ತಾರು ಸಲ ಅಲೆದ ಮೇಲೆ ನನಗೆ ಖಚಿತವಾಗಿರುವುದು ಇದು: ಔಟ್‌ಪುಟ್ ವಾಲ್ವ್‌ಗಳ ಹೆಸರಿಗೆ ನಾವು ಸುರಿಯುವ ಹಣದ ಬಹುಪಾಲು ಮೊದಲ ಹಂತದ ಸಣ್ಣ ವಾಲ್ವಿಗೂ, ಮನೆಗೆ ಬರುವ ಕರೆಂಟಿನ ವೋಲ್ಟೇಜನ್ನು ಹದಕ್ಕೆ ತರುವುದಕ್ಕೂ ಹೋಗಬೇಕಾದದ್ದು.

ಮೊದಲು ನಾನು ಮಾಡಿದ ತಪ್ಪನ್ನು ಹೇಳಬೇಕು. ಅಂತರ್ಜಾಲದ ಒಬ್ಬ ಮಾರಾಟಗಾರನಿಂದ ‘ಮ್ಯಾಚ್ ಮಾಡಿದ ನಾಲ್ಕು’ ಎಂದು ಬರೆದಿದ್ದ ಇಎಲ್ 84 ಸೆಟ್ ತರಿಸಿದೆ. ಡಬ್ಬಿಗಳ ಮೇಲೆ ಪೆನ್ಸಿಲಿನಲ್ಲಿ ಒಂದೇ ಅಂಕಿ ಬರೆದಿತ್ತು. ಹಾಕಿ ನೋಡಿದರೆ ಎಡಗಡೆಯ ಹಮ್ಮಿಂಗ್ ನಿಂತು ಬಲಗಡೆ ಶುರುವಾಯಿತು. ಆಗ ಪರಿಚಿತರೊಬ್ಬರು ಖಡೇಬಜಾರದ ಅಂಗಡಿಯನ್ನು ತೋರಿಸಿದರು. ಅಂಗಡಿಗೆ ಬೋರ್ಡಿಲ್ಲ, ಗಣಪತಿ ಮಂಡಳಿಗಳ ಹಳೆಯ ಮೈಕ್ ಸೆಟ್‌ಗಳು ಒಂದರ ಮೇಲೊಂದು ಪೇರಿಸಿರುವುದೇ ಗುರುತು. ಅಲ್ಲಿನ ಹಿರಿಯರು ಆಂಪ್ಲಿಫೈಯರಿನ ತಳವನ್ನು ಬಿಚ್ಚುವ ಮೊದಲು ಎಲ್ಲ ವಾಲ್ವ್‌ಗಳನ್ನೂ ಕಿತ್ತು, ಕಾಲುಗಳನ್ನೂ ಸಾಕೆಟ್‌ಗಳನ್ನೂ ಶುಚಿಗೊಳಿಸಿದರು. ನಮ್ಮ ಊರಿನ ಮಳೆಗಾಲದ ತೇವಕ್ಕೆ ಪಿನ್ನುಗಳ ಮೇಲೆ ಕಿಲುಬು ಕೂತು ಚಟಪಟ ಸದ್ದು ಬರುವುದು ಸಾಮಾನ್ಯವಂತೆ. ಅದುವರೆಗೆ ನಾನು ಕೆಟ್ಟ ವಾಲ್ವಿನ ಲಕ್ಷಣವೆಂದುಕೊಂಡಿದ್ದ ಚಟಪಟ ಅಲ್ಲಿಗೇ ಮುಗಿಯಿತು. ಹಮ್ಮಿಂಗ್ ಮಾತ್ರ ಉಳಿಯಿತು.

ಇಎಲ್ 84 ಪರೀಕ್ಷಿಸಲು ಅವರು ತಾವೇ ಒಂದು ಪೆಟ್ಟಿಗೆ ಮಾಡಿಕೊಂಡಿದ್ದಾರೆ. ವಾಲ್ವಿನೊಳಗೆ ಎಲೆಕ್ಟ್ರಾನುಗಳನ್ನು ಸೆಳೆಯುವ ಪ್ಲೇಟಿಗೂ ಅದಕ್ಕೆ ನೆರವಾಗುವ ಸ್ಕ್ರೀನಿಗೂ 250 ವೋಲ್ಟ್, ಅವುಗಳನ್ನು ಹೊರಡಿಸುವ ಕ್ಯಾಥೋಡಿಗೆ 135 ಓಮ್ ರೆಸಿಸ್ಟರ್, ಅದರ ಮೇಲೊಂದು ಮೀಟರ್. ತಯಾರಕರು ಕೊಟ್ಟ ಲೆಕ್ಕದಂತೆ ಒಳ್ಳೆಯ ವಾಲ್ವ್ ಇಲ್ಲಿ ಸುಮಾರು 7.3 ವೋಲ್ಟ್ ತೋರಿಸಬೇಕು. ನನ್ನ ‘ಮ್ಯಾಚ್ ಮಾಡಿದ’ ನಾಲ್ಕರಲ್ಲಿ ಎರಡು 7.4ರ ಆಸುಪಾಸಿನಲ್ಲಿದ್ದವು, ಮೂರನೆಯದು 7.6, ನಾಲ್ಕನೆಯದು 5.2. ಈ ಅಂತರ ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡದು, ಏಕೆಂದರೆ ಕ್ಯಾಥೋಡ್ ರೆಸಿಸ್ಟರ್ ತನ್ನಷ್ಟಕ್ಕೆ ತಾನೇ ಬಯಾಸ್ (ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ವೋಲ್ಟೇಜ್) ಸರಿಪಡಿಸಿಕೊಳ್ಳುತ್ತ ವಾಲ್ವ್‌ಗಳ ನಡುವಿನ ವ್ಯತ್ಯಾಸವನ್ನು ಸಾಕಷ್ಟು ಮುಚ್ಚಿಹಾಕುತ್ತದೆ. ಪುಶ್-ಪುಲ್ ವಿನ್ಯಾಸದಲ್ಲಿ ಜೋಡಿಯ ಎರಡೂ ವಾಲ್ವ್‌ಗಳಲ್ಲಿ ಸಮ ಕರೆಂಟು ಹರಿದಾಗ ಮಾತ್ರ ಪವರ್ ಸಪ್ಲೈಯಿಂದ ಬರುವ ಹಮ್ಮಿಂಗ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಪರಸ್ಪರ ಕಳೆದುಹೋಗುತ್ತದೆ. ಒಂದು ಕುಂಟಿದರೆ ಹಮ್ಮಿಂಗ್ ಉಳಿಯುವುದಲ್ಲದೆ, ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿ ಕಾಂತೀಯತೆ ಒಂದೇ ಕಡೆಗೆ ವಾಲಿ ತಬಲಾದ ಬಾಯಾ ಗದ್ದಲದಂತೆ ಕೇಳಿಸತೊಡಗುತ್ತದೆ. ಈ ಪರೀಕ್ಷೆಗೆ ಅವರು ತೆಗೆದುಕೊಂಡದ್ದು ಎರಡು ಊಟದ ದುಡ್ಡಿಗಿಂತ ಕಡಿಮೆ. ನಾಲ್ಕು ಹೊಸ ವಾಲ್ವಿಗೆ ನಾನು ತೆತ್ತ ಹಣವನ್ನು ನೆನೆದು ನಾಚಿಕೆಯಾಯಿತು.

ಆ ಮೇಲೆ ಎರಡು ಬಗೆಯ ಇಎಲ್ 84 ಪ್ರಯತ್ನಿಸಿದೆ, ಎರಡನ್ನೂ ಅವರ ಪೆಟ್ಟಿಗೆಯಲ್ಲಿ ಅಳೆದು ಜೋಡಿ ಮಾಡಿಸಿಕೊಂಡೇ. ಒಂದು ಸ್ಲೊವಾಕಿಯಾದ ಜೆಜೆ ಕಂಪನಿಯದು. ಇನ್ನೊಂದು ಸೋವಿಯತ್ ಕಾಲದ 6ಪಿ14ಪಿ-ಇವಿ, ಅಂದರೆ ಇಎಲ್ 84ಕ್ಕೆ ಸಮನಾಗಿ, ಹೆಚ್ಚು ಬಾಳಿಕೆಗೂ ಕುಲುಕಾಟವನ್ನು ತಾಳಿಕೊಳ್ಳುವುದಕ್ಕೂ ತಯಾರಿಸಿದ ವಾಲ್ವ್. ಜೆಜೆಯಲ್ಲಿ ಗಂಟಲಿನ ಕೆಳಸ್ಥಾಯಿ ಕೊಂಚ ತುಂಬಿ ಕೇಳುತ್ತದೆ, ರಷ್ಯಾದ್ದರಲ್ಲಿ ಹಾರ್ಮೋನಿಯಂ ಸ್ವಲ್ಪ ಬಿಡಿಬಿಡಿಯಾಗಿ ಕೇಳುತ್ತದೆ ಎಂದು ಮೊದಲ ವಾರ ಬರೆದಿಟ್ಟುಕೊಂಡಿದ್ದೆ. ಮಗಳ ಕೈಯಿಂದ ನನಗೆ ಗೊತ್ತಾಗದಂತೆ ಬದಲಾಯಿಸಿಸಿ ಕೇಳಿದಾಗ ಆರರಲ್ಲಿ ಮೂರು ಸಲ ತಪ್ಪು ಹೇಳಿದೆ. ಆದ್ದರಿಂದ ಇವೆರಡರ ನಡುವೆ ಆಯ್ಕೆಗೆ ಧ್ವನಿಯನ್ನು ಆಧಾರವಾಗಿ ಹೇಳಲಾರೆ. ಸರಿಯಾಗಿ ಅಳೆದ ಜೋಡಿ ಯಾವುದು ಸಿಗುತ್ತದೋ ಅದನ್ನು ತೆಗೆದುಕೊಳ್ಳಬಹುದು. ನಾನು ರಷ್ಯಾದ್ದನ್ನು ಉಳಿಸಿಕೊಂಡೆ. ಕಾರಣ ಸಂಗೀತಕ್ಕಿಂತ ನಮ್ಮ ಕರೆಂಟಿಗೆ ಸಂಬಂಧಿಸಿದ್ದು.

ಅದನ್ನು ವಿವರಿಸುತ್ತೇನೆ. ನನ್ನ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ 220 ವೋಲ್ಟಿಗೆ ಸುತ್ತಿದ್ದು. ರಾತ್ರಿ ಹತ್ತರ ಮೇಲೆ, ಅಂದರೆ ನಾನು ಹಾಡು ಕೇಳುವ ಹೊತ್ತಿಗೆ, ನಮ್ಮ ಮನೆಯ ಪ್ಲಗ್ಗಿನಲ್ಲಿ 246 ವೋಲ್ಟ್ ಇರುತ್ತದೆ. ಆಗ ವಾಲ್ವನ್ನು ಒಳಗಿನಿಂದ ಬಿಸಿಮಾಡುವ, 6.3 ವೋಲ್ಟ್ ಇರಬೇಕಾದ ಫಿಲಮೆಂಟಿನಲ್ಲಿ 7.04 ವೋಲ್ಟ್ ಬರುತ್ತದೆ. ಏರಿಳಿತಕ್ಕೆ ಇರುವ ಶೇಕಡಾ 10ರ ಮಿತಿ 6.93ಕ್ಕೆ ಮುಗಿಯುತ್ತದೆ. ಪ್ಲೇಟಿನ ಸಪ್ಲೈ ಕೂಡ ಅದೇ ಪ್ರಮಾಣದಲ್ಲಿ ಏರಿ, ಇಎಲ್ 84ರ 300 ವೋಲ್ಟಿನ ಗಡಿಯನ್ನು ಮುಟ್ಟುತ್ತದೆ. ಹೀಗೆ ದಿನವೂ ಮೂರು ಗಂಟೆ ಬೆಂದರೆ ಯಾವ ಕಂಪನಿಯ ವಾಲ್ವಾದರೂ ಬೇಗ ಮುದಿಯಾಗುತ್ತದೆ; ಬಾಳಿಕೆಗೆಂದೇ ಮಾಡಿದ್ದು ಕೊಂಚ ಹೆಚ್ಚು ತಾಳೀತೆಂದು ರಷ್ಯಾದ್ದನ್ನು ಉಳಿಸಿಕೊಂಡದ್ದು. ಮಾಮೂಲಿ ರಿಲೇ ಸ್ಟೆಬಿಲೈಜರ್ ನನಗೆ ಒಗ್ಗಲಿಲ್ಲ. ಆಲಾಪದ ನಡುವೆ ಟಕ್ಕೆಂದು ಸದ್ದು ಮಾಡುತ್ತದೆ. ಅಂಗಡಿಯವರು 12 ವೋಲ್ಟಿನ ಒಂದು ಸಣ್ಣ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯನ್ನು, ಅಂದರೆ ಆ 12 ವೋಲ್ಟ್ ಕೊಡುವ ತಂತಿಯ ಸುತ್ತನ್ನು, ಮೇನ್ಸ್ ಲೈನಿನಲ್ಲಿ ತಿರುವುಮುರುವಾಗಿ ಜೋಡಿಸಿ, ಮುಚ್ಚಿದ ಪೆಟ್ಟಿಗೆಯೊಳಗಿಟ್ಟು ಕೊಟ್ಟರು. ಅದು 246ರಿಂದ ಸುಮಾರು 13 ವೋಲ್ಟ್ ಕಳೆಯುತ್ತದೆ. ಫಿಲಮೆಂಟ್ ಈಗ 6.67ರಲ್ಲಿ ನಿಂತಿದೆ. ಆಂಪ್ಲಿಫೈಯರಿಗೆ ನಾನು ಮಾಡಿದ ಖರ್ಚುಗಳಲ್ಲಿ ಅತ್ಯಂತ ಸಾರ್ಥಕವಾದದ್ದು ಇದೇ. ಆದರೆ ಇದು ಕೆಲಸ ತಿಳಿದವರ ಕೈಯಲ್ಲೇ ಆಗಬೇಕು. ಆಂಪ್ಲಿಫೈಯರಿನ ತಳವನ್ನಂತೂ ಮನೆಯಲ್ಲಿ ಯಾರೂ ಬಿಚ್ಚಬಾರದು. ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಇನ್ನು ಇಸಿಸಿ 83. ಒಂದೇ ಗಾಜಿನೊಳಗೆ ಎರಡು ವಾಲ್ವ್ ಇರುವಂಥದ್ದು, ಅಮೆರಿಕದ ಹೆಸರು 12ಎಎಕ್ಸ್7. ವಾಲ್ವುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಅಂಗಡಿಯ ಹಿರಿಯರು ಹೇಳಿದ ಮಾತು ಹೀಗಿತ್ತು: “ಸರ, ದೊಡ್ಡ ವಾಲ್ವ್ ಆಮ್ಯಾಲೆ ನೋಡ್ರಿ. ಮೊದಲನೇ ಸಣ್ಣ ವಾಲ್ವ್ ಗಪ್ಪ್ ಇದ್ದರ ಉಳಿದದ್ದೆಲ್ಲಾ ಗಪ್ಪ್ ಇರ್ತಾವ್ರಿ.” ಮೊದಲ ವಾಲ್ವಿನಲ್ಲಿ ಹುಟ್ಟಿದ ಸಣ್ಣ ಸದ್ದು ಮುಂದಿನ ಎಲ್ಲ ಹಂತಗಳಲ್ಲೂ ಹಿಗ್ಗುತ್ತ ಹೋಗುತ್ತದೆ, ಕೊನೆಯ ವಾಲ್ವಿನಲ್ಲಿ ಹುಟ್ಟಿದ್ದಕ್ಕೆ ಹಿಗ್ಗಲು ಮುಂದೆ ಹಂತವೇ ಇಲ್ಲ. ನನ್ನ ಆಂಪ್ಲಿಫೈಯರಿನಲ್ಲಿ ಆ ಒಂದೇ ವಾಲ್ವಿನ ಎರಡು ಅರ್ಧಗಳು ಎರಡು ಚಾನೆಲ್ಲುಗಳಿಗೆ ಹಂಚಿಕೆಯಾಗಿವೆ.

ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಧ್ವನಿಮುದ್ರಣಗಳನ್ನು ಕೇಳುವವರಿಗೆ ಇದರ ಮಹತ್ವವನ್ನು ಹೆಚ್ಚು ಹೇಳಬೇಕಾಗಿಲ್ಲ. ಅವರು ಹಾಡು ನಿಲ್ಲಿಸಿದ ಕ್ಷಣಗಳಲ್ಲಿ ತಂಬೂರಿಯೊಂದೇ ಉಳಿಯುತ್ತದೆ, ಅದರ ಜವಾರಿಯ ಸಣ್ಣ ಝೇಂಕಾರದ ಮೇಲೆ ಸುಸ್ಸೆನ್ನುವ ವಾಲ್ವಿನ ಸದ್ದು ಬಿದ್ದರೆ ಕೇಳುವ ಸುಖ ಅರ್ಧ ಹೋಯಿತು. ಉದ್ದ ಪ್ಲೇಟಿನ ಹೊಸ ವಾಲ್ವೊಂದನ್ನು ಆಸೆಪಟ್ಟು ತಂದಿದ್ದೆ. ಗಾಜನ್ನು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದರೆ ಸ್ಪೀಕರಿನಲ್ಲಿ ಗಂಟೆಯಂತೆ ಠಣ್ ಎನ್ನುತ್ತಿತ್ತು, ತಬಲಾದ ಪೆಟ್ಟಿಗೆ ತಾನೂ ದನಿಗೂಡಿಸುತ್ತಿತ್ತು. ಅದಕ್ಕೆ ಹೋಲಿಸಿದರೆ ಗಿಡ್ಡ ಪ್ಲೇಟಿನ ಜೆಜೆ ಇಸಿಸಿ 83ಎಸ್ ತಟ್ಟಿದರೂ ಬಹುಮಟ್ಟಿಗೆ ಸುಮ್ಮನಿರುತ್ತದೆ.

ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಒಂದು ಕಾಲಕ್ಕೆ ಇವನ್ನೆಲ್ಲ ನಮ್ಮಲ್ಲೇ ತಯಾರಿಸುತ್ತಿತ್ತು. ಅಂಗಡಿಯ ಡ್ರಾಯರಿನಲ್ಲಿ ಬಿಇಎಲ್ ಮುದ್ರೆಯ ಐದು ಇಸಿಸಿ 83 ಇದ್ದವು, ಎಲ್ಲವೂ ಹಳೆಯ ಮೈಕ್ ಸೆಟ್‌ಗಳಿಂದ ತೆಗೆದವು. ಊರಿನ ಎಷ್ಟು ಮೆರವಣಿಗೆಗಳಲ್ಲಿ ಅವು ದುಡಿದಿವೆಯೋ! ಅಳೆದಾಗ ಎರಡು ಹೊಸದರಷ್ಟೇ ಚೊಕ್ಕವಾಗಿದ್ದವು, ಉಳಿದ ಮೂರು ದುಡಿದು ದಣಿದಿದ್ದವು. ಆ ಎರಡರಲ್ಲಿ ಒಂದು ಈಗ ನನ್ನ ಮೊದಲ ಸಾಕೆಟ್ಟಿನಲ್ಲಿದೆ. ನಾನು ಕೇಳಿದವುಗಳಲ್ಲೆಲ್ಲ ಅತ್ಯಂತ ನಿಶ್ಶಬ್ದವಾದದ್ದು ಅದು. ಹಳೆಯದೆಂಬ ಕಾರಣಕ್ಕೆ ಒಳ್ಳೆಯದೆಂದು ನಂಬಿ ಐದನ್ನೂ ಕೊಂಡಿದ್ದರೆ ಮೋಸ ಹೋಗುತ್ತಿದ್ದೆ. ವಾಲ್ವಿನ ತಲೆಯ ಒಳಮೈಯ ಬೆಳ್ಳಿ ಬಣ್ಣದ ಲೇಪ ಹಾಲಿನಂತೆ ಬಿಳಿಚಿಕೊಂಡಿದ್ದರೆ ಗಾಳಿ ಒಳನುಗ್ಗಿದೆ ಎಂದರ್ಥ, ಅಂಥದ್ದನ್ನು ಮುಟ್ಟಬೇಕಾಗಿಲ್ಲ.

ಬದಲಿ ವಾಲ್ವ್‌ಗಳ ವಿಷಯದಲ್ಲಿ ಒಂದೆರಡು ಎಚ್ಚರಿಕೆ ಸಾಕು. 5751 ಎಂಬುದನ್ನು 12ಎಎಕ್ಸ್7ರ ಜಾಗದಲ್ಲಿ ಹಾಕಬಹುದು. ವರ್ಧನಾಂಕ, ಅಂದರೆ ಹಿಗ್ಗಿಸುವ ಪ್ರಮಾಣ, 100ರ ಬದಲು 70, ಹಾಗಾಗಿ ದನಿ ತುಸು ಇಳಿಯುತ್ತದೆ. 12ಎಯು7 ಅದೇ ಸಾಕೆಟ್ಟಿಗೆ ಕೂತರೂ ಅದರ ಸ್ವಭಾವವೇ ಬೇರೆ. ರಷ್ಯಾದ 6ಎನ್2ಪಿಯನ್ನು ‘ಅದೇ ವಾಲ್ವ್’ ಎಂದು ಕೆಲವರು ಮಾರುತ್ತಾರೆ; ಅದರ ಫಿಲಮೆಂಟಿನ ಜೋಡಣೆ ಬೇರೆಯಾದ್ದರಿಂದ ನೇರವಾಗಿ ಹಾಕುವಂತಿಲ್ಲ.

ಅಂಗಡಿಯ ಬಗ್ಗೆ ದೂರುಗಳೂ ಇವೆ. ಹೇಳಿದ ದಿನಕ್ಕೆ ಕೆಲಸ ಮುಗಿದದ್ದು ಒಮ್ಮೆಯೂ ಇಲ್ಲ, ಶ್ರಾವಣದಿಂದ ಅನಂತ ಚತುರ್ದಶಿಯವರೆಗೆ ಮೈಕ್ ಸೆಟ್‌ಗಳ ಗದ್ದಲದಲ್ಲಿ ನಮ್ಮಂಥವರನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ, ರಸೀದಿ ಕೇಳಿದರೆ ನಗುತ್ತಾರೆ. ಆದರೆ ಆಂಪ್ಲಿಫೈಯರ್ ಹಿಂದಿರುಗಿಸುವಾಗ ನಾಲ್ಕೂ ಇಎಲ್ 84ಗಳ ಕ್ಯಾಥೋಡ್ ವೋಲ್ಟೇಜನ್ನು ಒಂದು ಚೀಟಿಯಲ್ಲಿ ಬರೆದು ತಳಕ್ಕೆ ಅಂಟಿಸಿದ್ದರು. ಪ್ರತಿಯೊಂದಕ್ಕೂ 270 ಓಮ್ ರೆಸಿಸ್ಟರ್, ಅದರ ಮೇಲೆ ಸುಮಾರು 10.5 ವೋಲ್ಟ್. ಅಂದರೆ ಸ್ಕ್ರೀನಿನ ಪಾಲು ಕಳೆದು ಪ್ಲೇಟಿನಲ್ಲಿ ಸುಮಾರು 35 ಮಿಲಿ ಆಂಪಿಯರ್, 9.6 ವಾಟ್, ಪ್ಲೇಟಿನ 12 ವಾಟಿನ ಮಿತಿಗೆ ಸಾಕಷ್ಟು ಕೆಳಗೆ. ಆರು ತಿಂಗಳ ಮೇಲೆ ಕಳೆದ ವಾರ ಅವರೇ ಮತ್ತೆ ಅಳೆದಾಗ ನಾಲ್ಕೂ 10.4 ಮತ್ತು 10.6ರ ನಡುವೆ ಇದ್ದವು. ಹಳೆಯ ಅಂಕಿಗಳನ್ನು ಹೊಡೆದುಹಾಕದೆ ಹೊಸದನ್ನು ಪಕ್ಕದಲ್ಲೇ ಬರೆದರು.