ಹೆಚ್ಚಾದ ಎಂಜಿನ್ ಆಯಿಲ್ ತೆಗೆಯಲು ಡ್ರೇನ್ ಬೋಲ್ಟೋ, ಸಿರಿಂಜೋ, ಪಂಪೋ?

ಮನೆಯಲ್ಲಿಯೇ ಕಾರಿನ ಆಯಿಲ್ ಬದಲಿಸುವವರ ಬಳಿ ಒಂದು 50 ಮಿಲಿಲೀಟರ್ ಸಿರಿಂಜೂ ರೋಗಿಗಳಿಗೆ ಮೂಗಿನ ಮೂಲಕ ಆಹಾರ ಕೊಡಲು ಬಳಸುವ, ಮೆಡಿಕಲ್ ಷಾಪಿನಲ್ಲಿ ಸಿಗುವ ಒಂದು ರೈಲ್ಸ್ ಟ್ಯೂಬೂ ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಬರುವಷ್ಟರಲ್ಲಿ ನಾನು ಎರಡು ಬಾರಿ ನನ್ನ ಕಾರಿಗೂ ಒಂದು ಬಾರಿ ತಂಗಿಯ ಕಾರಿಗೂ ಅಳತೆ ಮೀರಿ ಆಯಿಲ್ ತುಂಬಿದ್ದೆ. ಮೂರು ಸಲವೂ ಅದನ್ನು ತೆಗೆದ ದಾರಿ ಬೇರೆ ಬೇರೆ.

ನನ್ನ 1.2 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಫಿಲ್ಟರ್ ಸಹಿತ 3.1 ಲೀಟರ್ ಸಾಕೆಂದು ಕೈಪಿಡಿ ಹೇಳುತ್ತದೆ. ಅಂಗಡಿಯಲ್ಲಿ ಸಿಕ್ಕಿದ್ದು 3.5 ಲೀಟರಿನ ಕ್ಯಾನು. ಇಷ್ಟು ಗೊತ್ತಿದ್ದೂ ನಾನು ಎಡವಿದ್ದು ಮನೆಯ ಪೋರ್ಟಿಕೋದಿಂದ. ಮಳೆನೀರು ಹರಿದುಹೋಗಲೆಂದು ಅದರ ನೆಲವನ್ನು ಗೇಟಿನ ಕಡೆಗೆ ಇಳಿಜಾರಾಗಿ ಕಟ್ಟಿಸಿದ್ದೇವೆ. ಹಳೆಯ ಆಯಿಲ್ ಬಸಿಯುವ ಡ್ರೇನ್ ಬೋಲ್ಟ್ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯ ಹಿಂಬದಿಯಲ್ಲಿರುವುದರಿಂದ, ಮೂತಿ ತಗ್ಗಿಸಿ ನಿಂತಿದ್ದ ಕಾರಿನಲ್ಲಿ ಒಂದಷ್ಟು ಹಳೆಯ ಆಯಿಲ್ ಒಳಗೇ ಉಳಿಯಿತು. ಅದೇ ಇಳಿಜಾರಿನಲ್ಲಿ ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಕೂಡ ಕಡಿಮೆ ತೋರಿಸಿತು. ನಾನು ಕ್ಯಾನಿನಲ್ಲಿ ಉಳಿದಿದ್ದನ್ನೂ ಸುರಿದುಬಿಟ್ಟೆ. ಕಾರನ್ನು ಸಮತಟ್ಟಾದ ರಸ್ತೆಗೆ ತಂದು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ನೋಡಿದಾಗ ಮಟ್ಟವು ಡಿಪ್‌ಸ್ಟಿಕ್ಕಿನ ಮೇಲಿನ ಗುರುತನ್ನು ಚೆನ್ನಾಗಿಯೇ ದಾಟಿತ್ತು. ಎರಡು ಗುರುತುಗಳ ನಡುವಿನ ಅಂತರವೇ ಸುಮಾರು ಒಂದು ಲೀಟರ್ ಆದ್ದರಿಂದ, ಹೆಚ್ಚಾಗಿದ್ದುದು 600 ಮಿಲಿಲೀಟರಿಗೆ ಕಡಿಮೆಯಿರಲಿಲ್ಲ.

ಗುರುತಿಗಿಂತ ಎರಡು ಮೂರು ಮಿಲಿಮೀಟರ್ ಮೇಲಿದ್ದರೆ ನಾನು ಮುಟ್ಟಲು ಹೋಗುವುದಿಲ್ಲ. ಇಷ್ಟು ಹೆಚ್ಚಾದಾಗ ಮಾತ್ರ ಎಂಜಿನ್ನಿನೊಳಗೆ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್ ಆಯಿಲಿಗೆ ತಾಗಿ, ಮೊಸರು ಕಡೆದಂತೆ ನೊರೆ ಎಬ್ಬಿಸುವ ಅಪಾಯವಿದೆ. ನೊರೆಯನ್ನು ಹೀರಿದ ಆಯಿಲ್ ಪಂಪಿನ ಒತ್ತಡ ಕುಸಿಯುತ್ತದೆ, ಎಂಜಿನ್ನಿನೊಳಗಿನ ಗಾಳಿ ಹೊರಬರುವ ಬ್ರೀದರ್ ಕೊಳವೆಯ ಮೂಲಕ ಆಯಿಲ್ ಗಾಳಿಯೊಡನೆ ಸೇರಿ ಸುಟ್ಟು ನೀಲಿ ಹೊಗೆಯಾಗುತ್ತದೆ.

ಮೊದಲ ಸಲ ನಾನು ಆರಿಸಿಕೊಂಡದ್ದು ಡ್ರೇನ್ ಬೋಲ್ಟನ್ನು. ಬೋಲ್ಟನ್ನು ತುಸು ಸಡಿಲಿಸಿ, ಬೇಕಾದಷ್ಟು ಬಸಿದು, ಮತ್ತೆ ಬಿಗಿಯಬಹುದೆಂದು ಹೇಳುವವರು ಆ ಕೆಲಸವನ್ನು ಸ್ವತಃ ಮಾಡಿದ್ದಾರೆಯೇ ಎಂಬ ಅನುಮಾನ ನನಗಿದೆ. ಸಡಿಲಗೊಂಡ ಬೋಲ್ಟಿನಿಂದ ಆಯಿಲ್ ಸಣ್ಣ ಧಾರೆಯಾಗಿ ಬೀಳುವುದಿಲ್ಲ. ಅದು ಬೋಲ್ಟಿನ ಥ್ರೆಡ್‌ಗಳ ಸುತ್ತಲಿನಿಂದ ಒಸರಿ, ಬೋಲ್ಟಿನ ತಲೆಯನ್ನು ಸವರಿ, ಸ್ಪ್ಯಾನರ್ ಹಿಡಿದು, ಅಲ್ಲಿಂದ ಮಣಿಕಟ್ಟಿಗಿಳಿದು ಮೊಣಕೈ ಸೇರುತ್ತದೆ. ಕೆಳಗಿಟ್ಟ ಬೋಗುಣಿಗೆ ಬೀಳುವುದು ಅರ್ಧ, ನೆಲಕ್ಕೆ ಅರ್ಧ. ಎಷ್ಟು ಹೋಯಿತೆಂದು ಅಳೆಯುವ ಬಗೆಯೇ ಇಲ್ಲದ್ದರಿಂದ, ಇನ್ನರ್ಧ ಸುತ್ತು ತಿರುಗಿಸೋಣವೆಂದು ತಿರುಗಿಸಿದೆ. ಬೋಲ್ಟು ಜಾರಿ ಬೋಗುಣಿಗೆ ಬಿತ್ತು, ಅದರ ಹಿಂದೆಯೇ ಬಿಸಿ ಆಯಿಲ್ ಧುಮುಕಿತು.

ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಬೋಗುಣಿಯಲ್ಲಿ ಬೋಲ್ಟು ತಡಕುವಷ್ಟರಲ್ಲಿ ಮಟ್ಟವು ಕೆಳಗಿನ ಗುರುತಿಗಿಂತಲೂ ಕೆಳಗಿಳಿದಿತ್ತು. ಬೋಗುಣಿಯಲ್ಲಿದ್ದುದರಲ್ಲಿ ಮರಳು ಸೇರಿದ್ದರಿಂದ ಅದನ್ನು ಮರಳಿ ಹಾಕುವಂತಿರಲಿಲ್ಲ. ಹೊಸದೊಂದು ಲೀಟರ್ ಕೊಂಡು ತರಬೇಕಾಯಿತು. ಬೋಲ್ಟು ಬಿಚ್ಚಿದಾಗಲೆಲ್ಲ ಅದರ ವಾಷರನ್ನೂ ಬದಲಿಸಬೇಕು; ಅರ್ಧ ಗಂಟೆ ಹಿಂದಷ್ಟೇ ಹಾಕಿದ್ದ ಹೊಸ ವಾಷರ್ ಹೀಗೆ ದಂಡವಾಯಿತು. ಪೋರ್ಟಿಕೋದ ನೆಲದ ಮೇಲಿನ ಕಲೆ ಇಂದಿಗೂ ಇದೆ.

ಎರಡನೇ ಸಲ ಹಿಡಿದ ಸಿರಿಂಜಿನ ದಾರಿ ಇದರ ತದ್ವಿರುದ್ಧ. ಕಾರಿನ ಕೆಳಗೆ ನುಸುಳಬೇಕಿಲ್ಲ, ಸ್ಪ್ಯಾನರ್ ಮುಟ್ಟಬೇಕಿಲ್ಲ. ರೈಲ್ಸ್ ಟ್ಯೂಬ್ ಒಂದು ಮೀಟರಿಗಿಂತ ತುಸು ಉದ್ದವಿರುತ್ತದೆ, ಡಿಪ್‌ಸ್ಟಿಕ್ಕಿನ ಕೊಳವೆಯೊಳಗೆ ಸಲೀಸಾಗಿ ಇಳಿಯುತ್ತದೆ. ಹದಿನಾಲ್ಕನೇ ಸೈಜು ನನ್ನ ಕಾರಿಗೆ ಸರಿಹೋಯಿತು. ಟ್ಯೂಬನ್ನು ಡಿಪ್‌ಸ್ಟಿಕ್ಕಿನ ಪಕ್ಕದಲ್ಲಿಟ್ಟು, ಅದರ ತುದಿಯ ರಂಧ್ರಗಳು ಕೆಳಗಿನ ಗುರುತಿನ ನೇರಕ್ಕೆ ಬರುವಂತೆ ಅಳೆದು, ಮೇಲ್ಗಡೆ ಟೇಪು ಸುತ್ತಿಟ್ಟರೆ, ಎಷ್ಟು ಎಳೆದರೂ ಮಟ್ಟವು ಆ ಗುರುತಿಗಿಂತ ಕೆಳಗಿಳಿಯುವ ಪ್ರಶ್ನೆಯೇ ಇಲ್ಲ. ಸಿರಿಂಜು ಮಾತ್ರ ದಪ್ಪ ಮೂತಿಯದ್ದಾಗಿರಬೇಕು; ಸೂಜಿ ಸಿಕ್ಕಿಸುವ ಸಣ್ಣ ಮೂತಿಯದ್ದನ್ನು ತಂದರೆ ಟ್ಯೂಬಿನ ಕೀಲಿನಲ್ಲಿ ಗಾಳಿ ನುಗ್ಗಿ ಆಯಿಲ್ ಮೇಲೇರುವುದೇ ಇಲ್ಲ. ಅಂಗಡಿಯವರು ಮನೆಯಲ್ಲಿ ಯಾರಿಗೆ ಹುಷಾರಿಲ್ಲವೆಂದು ಕೇಳಿದರು, ಕಾರಿಗೆ ಎಂದೆ.

ಹನ್ನೆರಡು ಸಲ ಎಳೆದಾಗ 600 ಮಿಲಿಲೀಟರ್ ಹೊರಬಂತು. ಬೆಚ್ಚಗಿದ್ದಾಗ ಸರಾಗವಾಗಿ ಬರುವ ಆಯಿಲ್ ತಣ್ಣಗಾದರೆ ಬೆರಳು ನೋಯಿಸುತ್ತದೆ, ಅದೊಂದೇ ಕಿರಿಕಿರಿ. ಬಂದ ಆಯಿಲ್ ಕೆಟ್ಟಿರುವುದಿಲ್ಲ. ನಾನದನ್ನು ಬಾಟಲಿಯಲ್ಲಿಟ್ಟುಕೊಂಡು ಗೇಟಿನ ಕೀಲುಗಳಿಗೂ ಕತ್ತಿಗಳಿಗೂ ಹಚ್ಚುತ್ತೇನೆ.

ತಂಗಿಯ ಕಾರಿಗೆ ಸ್ನೇಹಿತರೊಬ್ಬರ ಕೈಪಂಪನ್ನು ಎರವಲು ತಂದಿದ್ದೆ. ಹಿಡಿಯನ್ನು ಹತ್ತಾರು ಬಾರಿ ಒತ್ತಿ ಡಬ್ಬಿಯೊಳಗಿನ ಗಾಳಿ ತೆಗೆದರೆ ಆಯಿಲ್ ತಾನಾಗಿ ಏರಿ ಬರುತ್ತದೆ, ಕೆಲಸ ಅಚ್ಚುಕಟ್ಟು. ಆದರೆ ಅವರದಕ್ಕೆ 3,000 ರೂಪಾಯಿಗೂ ಹೆಚ್ಚು ಕೊಟ್ಟಿದ್ದರು, ನನ್ನ ಸಿರಿಂಜೂ ಟ್ಯೂಬೂ ಸೇರಿ 150 ರೂಪಾಯಿ ದಾಟಲಿಲ್ಲ. ಆಯಿಲ್ ಫಿಲ್ಟರ್ ಬಿಚ್ಚಿ ಅದರೊಳಗಿನ ಆಯಿಲ್ ತೆಗೆಯುವ ಸಲಹೆಯೂ ಇದೆ. ಬಿಸಿ ಸೈಲೆನ್ಸರ್ ಕೊಳವೆಯ ಪಕ್ಕ ಕೈಹಾಕಲು ನನಗೆ ಇಷ್ಟವಿಲ್ಲ. ಗ್ಯಾರೇಜಿಗೆ ಒಯ್ಯುವುದಾದರೆ ಅದೇ ಆಯಿಲಿನಲ್ಲಿ ಎಂಜಿನ್ ಓಡಿಸಿಕೊಂಡು ಹೋಗಬೇಕು.

ವರ್ಷಕ್ಕೊಮ್ಮೆ ಒಂದೇ ಕಾರಿನ ಆಯಿಲ್ ಬದಲಿಸುವ ನನ್ನಂಥವನಿಗೆ ಪಂಪು ಅಟ್ಟದ ಮೇಲೆ ಧೂಳು ತಿನ್ನುವ ಸಾಮಾನು. ಮನೆಯಲ್ಲಿ ಎರಡು ಮೂರು ವಾಹನಗಳಿದ್ದು, ಹಳೆಯ ಆಯಿಲನ್ನೂ ಮೇಲಿನಿಂದಲೇ ತೆಗೆಯುವ ಇರಾದೆಯಿದ್ದರೆ ಕೊಳ್ಳಲಿ. ನನ್ನ ಸಿರಿಂಜು ಮನೆಯ ಮೊಳೆಯೊಂದರಲ್ಲಿ ನೇತಾಡುತ್ತಿದೆ. ಮನೆಯವರು ಗಿಡಗಳಿಗೆ ಔಷಧಿ ಹಾಕಲು ಒಯ್ಯದಿರಲೆಂದು ಅದರ ಮೇಲೆ ಮಾರ್ಕರಿನಲ್ಲಿ ‘ಆಯಿಲ್’ ಎಂದು ಬರೆದಿದ್ದೇನೆ.